ಗಂಟಲಿನ ಗೊರಟೆ

ಐಸೆಲಿನ್, ನ್ಯೂ ಜೆರ್ಸಿ
ಸೆಪ್ಟೆಂಬರ್ 9, 2024

ಅಯೂಬ್ ಸಾಹೇಬರಿಗೆ ವೀರೇಂದ್ರನ ನಮಸ್ಕಾರ.

ಲಕೋಟೆಯ ಮೇಲೆ ನನ್ನ ಹೆಸರು ನೋಡಿಯೂ ನೀವು ಒಡೆದಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಒಡೆಯದೆ ಬಿಸಾಡಿದ್ದರೆ ಈ ಮಾತೆಲ್ಲ ದಂಡ. ಆದರೇನು, ಮುಚ್ಚಿದ ಬಾಗಿಲ ಮುಂದೆ ನಿಂತು ಮಾತಾಡಿಯೇ ನಾನು ಈ ದೇಶದಲ್ಲಿ ಅನ್ನ ತಿಂದವನು.

ಇಪ್ಪತ್ತೆರಡು ವರ್ಷದ ಮೇಲೆ ಕಾಗದ ಯಾಕೆ, ಫೋನ್ ಮಾಡಬಾರದೇ ಅನ್ನುತ್ತೀರಿ. ಫೋನ್ ಇದೆ, ಗಂಟಲಿಲ್ಲ. ಯುಗಾದಿಯಿಂದ ಕಟ್ಟಿಕೊಂಡಿದೆ. ಮೊದಲು ಹೂವಿನ ಪೋಲನ್ ಅಂದೆ, ಬೇಸಗೆಯಲ್ಲಿ ಎಸಿ ಅಂದೆ, ಈಗ ವಯಸ್ಸು ಅನ್ನುತ್ತಿದ್ದೇನೆ. ರಾಜಿ ಮಾತ್ರ, "ಮದುವೆಯಾದಾಗಿನಿಂದ ಒಬ್ಬರೇ ಮಾತಾಡಿದೀರಲ್ರೀ, ಸವೆದಿರತ್ತೆ ಬಿಡಿ" ಅಂದಳು. ಸುಸ್ತು ಬೇರೆ. ಬೆಳಗ್ಗೆ ಅಂಗಡಿಯ ಷಟರ್ ಎತ್ತಿದರೆ ಸಾಕು, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂರಬೇಕು. ಕೂತರೆ ಏಳಿಸುವ ಗಿರಾಕಿಯೂ ಇಲ್ಲ. ಊರಿಗೆ ಹೋಗುವವರು 220 ವೋಲ್ಟಿನ ಟಿವಿ, ಇಸ್ತ್ರಿಪೆಟ್ಟಿಗೆ, ಕುಕ್ಕರ್ ಇಲ್ಲಿಂದಲೇ ಹೊತ್ತುಕೊಂಡು ಹೋಗುತ್ತಿದ್ದ ಕಾಲ ನಿಮಗೆ ಗೊತ್ತಲ್ಲ. ಈಗ ಊರಿನಲ್ಲೇ ಇದಕ್ಕಿಂತ ಒಳ್ಳೆಯದು ಸಿಗುತ್ತದೆ. ಓಕ್ ಟ್ರೀ ರೋಡಿನಲ್ಲಿ ಪಾರ್ಕಿಂಗ್ ಸಿಗದೆ ಸುತ್ತುವವರು ನನ್ನ ಬೋರ್ಡು ಓದುತ್ತಾರೆ, ಅಷ್ಟೇ.

ವಿಷಯಕ್ಕೆ ಬರುತ್ತೇನೆ. ಯಾರೋ ಎಲ್ಮ್‌ಹರ್ಸ್ಟ್‌ನ ಮಿಸೆಸ್ ಲಿನ್ ಎಂಬ ಸೂಜಿ ಚುಚ್ಚುವ ಚೀನೀ ಹೆಂಗಸಿನ ಹೆಸರು ಹೇಳಿದರು. ಹೋದೆ. ಲಾಂಡ್ರಿಯ ಮೇಲಿನ ಮಹಡಿ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ನಾಲಗೆ ಚಾಚು ಅಂದರು. ಚಾಚಿದೆ. ನೋಡಿ, "ಛೀ" ಅಂದರು.

ಬೆಳಗ್ಗೆ ತಿಕ್ಕಿಕೊಂಡೇ ಹೋಗಿದ್ದ ನಾಲಗೆ ಸಾಹೇಬರೇ! "ಛೀ, ವೆರಿ ವೀಕ್" ಅಂತ ಮತ್ತೊಮ್ಮೆ. ಎದ್ದು ಬರುವವನಿದ್ದೆ. ಆಮೇಲೆ ತಿಳಿಯಿತು, ಅದು ಬೈಗುಳವಲ್ಲ, ಮೈಯೊಳಗೆ ಓಡಾಡುವ ಏನೋ ಒಂದರ ಹೆಸರು. ಚೀ. "ಯು ಟಾಕ್ ಟೂ ಮಚ್. ಚೀ ಗೋ ಔಟ್" ಎಂದು ನನ್ನ ಬಾಯಿ ತೋರಿಸಿದರು, ಕೆಟ್ಟ ನಲ್ಲಿ ತೋರಿಸುವ ಹಾಗೆ. ನಲವತ್ತು ದಿನ ಮಾತು ಕಡಿಮೆ ಮಾಡಬೇಕಂತೆ. ಉಸಿರು ಎಣಿಸು ಅಂದರು. ನಾನು ಒಂದು, ಎರಡು, ಮೂರು ಎಂದು ಎಣಿಸತೊಡಗಿದೆ. ಅವರು ಕಣ್ಣು ಬಿಟ್ಟು, "ಅಯೂಬ್! ಅಯೂಬ್ ಕೌಂಟ್ ಲೈಕ್ ದಿಸ್!" ಅಂದರು. ಮನೆಯಲ್ಲಿ ಉರ್ದು ಮಾತಾಡುವ ನೀವು ಲೆಕ್ಕ ಮಾತ್ರ ಮೈಸೂರಿನ ಕನ್ನಡ ಶಾಲೆಯದನ್ನೇ ಇಟ್ಟುಕೊಂಡಿದ್ದೀರಿ ಎಂದು ಒಬ್ಬ ಚೀನೀ ಹೆಂಗಸಿನಿಂದ ನನಗೆ ಗೊತ್ತಾಯಿತು. ನಿಮ್ಮ ರಿಪೇರಿ ಅಂಗಡಿಯ ವಿಳಾಸ ಕೊಟ್ಟವರೂ ಅವರೇ.

ಈಗ ನನ್ನ ಪ್ರಶ್ನೆ. ಈ ಚೀ ಅನ್ನುವುದು ಕರೆಂಟೇ? ಕರೆಂಟಾದರೆ ಎಷ್ಟು ವೋಲ್ಟು? ನನ್ನದು ಇಳಿದಿದೆಯಂತೆ; ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಏರಿಸುವ ದಾರಿ ಇದೆಯೇ? ಆ ಹೆಂಗಸನ್ನು ನಂಬಬಹುದೇ? ರಿಪೇರಿಯವರು ನೀವು, ನೋಡಿ ಹೇಳಿ.

ಇತಿ,
ವೀರೇಂದ್ರ


ಜ್ಯಾಕ್ಸನ್ ಹೈಟ್ಸ್, ಕ್ವೀನ್ಸ್
ಸೆಪ್ಟೆಂಬರ್ 19, 2024

ವೀರೇಂದ್ರ ಅವರಿಗೆ,

ನಿಮ್ಮ ಕಾಗದ ಒಡೆದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ಚೀ ಕರೆಂಟ್ ಅಲ್ಲ. ನಾನೂ ಮೊದಲು ನಿಮ್ಮ ಹಾಗೆಯೇ ಕೇಳಿದ್ದೆ. ಆಗ ಮಿಸೆಸ್ ಲಿನ್ ತಮ್ಮ ರೈಸ್ ಕುಕ್ಕರನ್ನು ರಿಪೇರಿಗೆ ತಂದಿದ್ದರು. ಅದರ ಮುಚ್ಚಳದ ಮೇಲಿನ ದೂಳಿನಲ್ಲಿ ಬೆರಳಿನಿಂದ ಒಂದು ಅಕ್ಷರ ಬರೆದರು. ಕೆಳಗೆ ಅಕ್ಕಿ, ಮೇಲೆ ಹಬೆ. ಅವರ ಹಳೆಯ ಬರವಣಿಗೆಯಲ್ಲಿ ಚೀ ಅಂದರೆ ಇಷ್ಟೇ. ಅನ್ನ ಬೇಯುವಾಗ ಏಳುವುದು. ಅಕ್ಕಿಯಲ್ಲ, ನೀರಲ್ಲ, ಬೆಂಕಿಯೂ ಅಲ್ಲ. ಮೂರೂ ಹದವಾಗಿದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಹಿಡಿಯಲು ಹೋದರೆ ಕೈ ಒದ್ದೆಯಾಗುತ್ತದೆ.

ಕುಕ್ಕರಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಕುಕ್ಕರ್ ಕೆಡುತ್ತದೆ. ಮುಚ್ಚಳವನ್ನೇ ತೆಗೆದಿಟ್ಟರೆ ಅನ್ನ ಬೇಯುವುದಿಲ್ಲ. ನಿಮ್ಮ ಬಾಯಿಯ ಬಗ್ಗೆ ಅವರು ಹೇಳಿದ್ದು ಇದನ್ನೇ ಇರಬೇಕು.

ಅವರನ್ನು ನಂಬಬಹುದು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರೆ. ನನ್ನ ಹೆಂಡತಿ ಖತೀಜಾ 2020ರ ಏಪ್ರಿಲ್‌ನಲ್ಲಿ ತೀರಿಕೊಂಡಳು, ಆ ವಾರ ಇಲ್ಲಿ ಯಾರಿಗೂ ಉಸಿರು ಸಾಲಲಿಲ್ಲ. ಆಮೇಲೆ ನನ್ನ ಮಗಳು ಝೋಯಾ ಬಲವಂತ ಮಾಡಿ ನನ್ನನ್ನು ಮಿಸೆಸ್ ಲಿನ್ ನಡೆಸುವ ಪಾರ್ಕಿನ ಗುಂಪಿಗೆ ಸೇರಿಸಿದಳು. ಬೆಳಗ್ಗೆ ಏಳಕ್ಕೆ ತೋಳು ಎತ್ತುತ್ತೇವೆ, ಇಳಿಸುತ್ತೇವೆ. ಉಸಿರಿನ ವಿಷಯದಲ್ಲಿ ನಾನು ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ.

ನಲವತ್ತು ದಿನ ಸುಮ್ಮನಿರುವುದು ನಿಮಗೆ ಕಷ್ಟವಾಗಲಾರದು. ಮಾತು ಬೇಕಾದ ಕಡೆ ಸುಮ್ಮನಿರುವ ಅಭ್ಯಾಸ ನಿಮಗಿದೆ.

ಅಯೂಬ್


ಐಸೆಲಿನ್
ಸೆಪ್ಟೆಂಬರ್ 30, 2024

ಅಯೂಬ್ ಸಾಹೇಬರಿಗೆ,

ಖತೀಜಾ ವಿಷಯ ನನಗೆ ಆಗಲೇ ತಿಳಿದಿತ್ತು. ಒಂದು ಕಾರ್ಡ್ ತಂದಿದ್ದೆ. ಏನು ಬರೆಯಬೇಕೆಂದು ತೋಚದೆ ಡ್ರಾಯರಿನಲ್ಲಿಟ್ಟೆ, ಅಲ್ಲೇ ಇದೆ. ಅವರು ಕಳಿಸುತ್ತಿದ್ದ ಡಬ್ಬಿಯಲ್ಲಿ ನನ್ನ ಪಾಲಿಗೆ ಬೇರೆ ಸೊಪ್ಪಿನ ಪಲ್ಯ ಇರುತ್ತಿತ್ತು. ಇಷ್ಟು ಬರೆಯಲು ನಾಲ್ಕು ವರ್ಷ ಬೇಕಾಯಿತು ನೋಡಿ.

ಸುಮ್ಮನಿರುವ ಅಭ್ಯಾಸವಿದೆ ಎಂದು ಬರೆದಿದ್ದೀರಿ. ನನ್ನನ್ನು ಆ ಗುಣಕ್ಕೆ ಹೊಗಳಿದವರಲ್ಲಿ ನೀವೇ ಮೊದಲಿಗರು. ರಾಜಿಗೆ ಓದಿ ಹೇಳಿದೆ, ನಕ್ಕಳು. ಆಮೇಲೆ ಯಾಕೋ ನಗು ನಿಲ್ಲಿಸಿ ನನ್ನ ಮುಖ ನೋಡಿದಳು.

ಮಿಸೆಸ್ ಲಿನ್ ಹತ್ತಿರ ಎರಡನೆಯ ಸಲ ಹೋಗಿ ಬಂದೆ. ರೋಗ ಪತ್ತೆಯಾಯಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ, ನುಂಗಲಾಗದು, ಉಗುಳಲೂ ಆಗದು ಎಂದೆ. ಅವರ ಗೋಡೆಯ ಮೇಲೊಂದು ಚಿತ್ರಪಟವಿದೆ, ಕೆಳಗೆ ಇಂಗ್ಲಿಷಿನಲ್ಲಿ ವಿವರ. ಪ್ಲಮ್ ಹಣ್ಣಿನ ಗೊರಟೆಯ ಚೀ ಅಂತ ಒಂದು ಇದೆಯಂತೆ. ಗೊರಟೆ ಸಿಕ್ಕಿಕೊಂಡಂತೆ ಅನ್ನಿಸುತ್ತದೆ, ಒಳಗೆ ನೋಡಿದರೆ ಗೊರಟೆ ಇರುವುದಿಲ್ಲ. ಮನಸ್ಸಿನಲ್ಲಿ ತಡೆದಿಟ್ಟದ್ದು ಚೀಯನ್ನು ಅಲ್ಲಿ ಗಂಟು ಹಾಕಿರುತ್ತದೆ. ಹೇಳಬೇಕಾದ್ದನ್ನು ಹೇಳಿಬಿಟ್ಟರೆ ಕರಗಿಹೋಗುತ್ತದೆ. ಎಷ್ಟು ಅಗ್ಗದ ಔಷಧಿ! ನಾಲ್ಕು ಸಾವಿರ ವರ್ಷದ ಕಂಪನಿ ಅವರದು, ಸುಳ್ಳು ಹೇಳಲಾರರು.

ನಾನು ಹೇಳದೆ ಬಿಟ್ಟದ್ದು ಏನಿರಬಹುದು ಎಂದು ಯೋಚಿಸಿದೆ. ಈ ಬಾಯಿಂದ ಹೊರಬರದೆ ಉಳಿದ ಮಾತು ತೀರ ಕಡಿಮೆ, ಹುಡುಕುವುದು ಸುಲಭ. ನಿಮ್ಮಲ್ಲೇ ಒಂದು ಹೇಳುವುದಿದೆ. ಹಳೆಯದು. ನಿಮಗೆ ಗೊತ್ತಿರಲಾರದು. ಕಾಗದದಲ್ಲಿ ಬರೆಯುವಂಥದ್ದಲ್ಲ, ಬಾಯಲ್ಲೇ ಹೇಳಬೇಕು. ಅಕ್ಟೋಬರಿನೊಳಗೆ ಒಮ್ಮೆ ಬನ್ನಿ. ಮೆಟ್ರೊಪಾರ್ಕಿಗೆ ಟ್ರೇನ್ ಇದೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಯಾಕೆ ಅವಸರ ಎಂದು ಕೇಳಬೇಡಿ. ಇದ್ದಷ್ಟು ದನಿ ಇರುವಾಗಲೇ ಆಗಲಿ ಅಂತ.

ಎಪ್ಪತ್ತನಾಲ್ಕನೇ ಬೀದಿಯ ನಮ್ಮ ಹಳೆಯ ಅಂಗಡಿಯ ಬೋರ್ಡನ್ನೇ ಇಲ್ಲಿಗೂ ತಂದು ಹಾಕಿದ್ದೇನೆ. ಎ.ವಿ. ಎಲೆಕ್ಟ್ರಾನಿಕ್ಸ್. ನಿಮ್ಮ ಎ, ನನ್ನ ವಿ. ಬಂದಾಗ ನೋಡುವಿರಂತೆ.

ವೀರೇಂದ್ರ


ಜ್ಯಾಕ್ಸನ್ ಹೈಟ್ಸ್
ಅಕ್ಟೋಬರ್ 17, 2024

ವೀರೇಂದ್ರ ಅವರಿಗೆ,

ನನಗೆ ಗೊತ್ತಿರಲಾರದು ಎಂದು ಬರೆದಿದ್ದೀರಿ. ಗೊತ್ತಿದೆ.

2001ರ ಅಕ್ಟೋಬರ್, ಅವಳಿ ಗೋಪುರ ಬಿದ್ದ ಮರುತಿಂಗಳು. ಮಂಗಳವಾರ ಮಧ್ಯಾಹ್ನ. ನಾನು ಪರದೆಯ ಹಿಂದೆ ಒಂದು ವಿಸಿಆರ್ ಬಿಚ್ಚಿಕೊಂಡು ಕೂತಿದ್ದೆ. ಏಳು ಸ್ಕ್ರೂಗಳು ಅಂಗೈಯಲ್ಲಿದ್ದವು. ಕೋಟು ಹಾಕಿದ ಇಬ್ಬರು ಬಂದರು. ಬೋರ್ಡು ತೋರಿಸಿ, ಎ ಅಂದರೆ ಏನು ಎಂದು ಕೇಳಿದರು. ನೀವು ಹೇಳಿದಿರಿ: "ಆಡಿಯೊ, ಸರ್. ಆಡಿಯೊ-ವಿಡಿಯೊ." ಹೇಳಿ ನಕ್ಕಿರಿ. ಮಿಕ್ಸಿ ಮಾರುವಾಗಿನ ನಗು. ಅಯೂಬ್ ಎಂಬವನು ಯಾರು ಎಂದರು. "ರಿಪೇರಿ ಮ್ಯಾನ್. ಕಮ್ಸ್ ಅಂಡ್ ಗೋಸ್" ಅಂದಿರಿ.

ಅಂದು ಸಂಜೆ ಅವರು ನನ್ನ ಮನೆಗೆ ಬಂದು ನನ್ನನ್ನು ಕರೆದೊಯ್ದರು. ಹನ್ನೊಂದು ದಿನ ನಾನು ಎಲ್ಲಿದ್ದೆ ಎಂದು ಖತೀಜಾಗೆ ಗೊತ್ತಿರಲಿಲ್ಲ. ಎಂಟು ವರ್ಷ ಜೊತೆಗೆ ಅಂಗಡಿ ನಡೆಸಿದವನು ಎಂದು ಹೇಳಲು ಒಬ್ಬರು ಇದ್ದರು, ಬರಲಿಲ್ಲ. ನಾನು ಹಿಂದಿರುಗಿದ ದಿನ ನೀವು ಜಹಾಂಗೀರು ತಂದಿರಿ. ಚಳಿಯ ಬಗ್ಗೆ ಮಾತಾಡಿದಿರಿ, ಕ್ರಿಕೆಟ್ ಬಗ್ಗೆ ಮಾತಾಡಿದಿರಿ, ಬಾಡಿಗೆ ಏರಿಸುವ ಲ್ಯಾಂಡ್‌ಲಾರ್ಡನ್ನು ಬೈದಿರಿ. ಮೂರು ತಿಂಗಳು ಕಾದೆ. ಆಮೇಲೆ ನನ್ನ ಸ್ಕ್ರೂಡ್ರೈವರ್‌ಗಳನ್ನು ತೆಗೆದುಕೊಂಡು ಹೋದೆ. ಯಾಕೆ ಹೋದೆ ಎಂದು ನೀವು ಕೇಳಲೂ ಇಲ್ಲ.

ಮಿಸೆಸ್ ಲಿನ್ ಪಾರ್ಕಿನಲ್ಲಿ ನಮ್ಮಿಂದ ತೋಳು ಎತ್ತಿಸುತ್ತ "ಲಿಫ್ಟ್ ದ ಚೀ" ಅನ್ನುತ್ತಾರೆ. ಅದು ನನ್ನೊಳಗೆ ಕನ್ನಡವಾಗಿಬಿಡುತ್ತದೆ. ಉಸಿರೆತ್ತು. ನಮ್ಮಲ್ಲಿ ಹಾಗಂದರೆ ಬಾಯಿ ಬಿಡು, ಹೇಳು ಅಂತ. ಸುತ್ತ ಇರುವ ಚೀನೀ ಮುದುಕರು ನಿರಾಳವಾಗಿ ತೋಳೆತ್ತುತ್ತಾರೆ. ನನಗೊಬ್ಬನಿಗೆ ಅದು ದಿನಾ ಬೆಳಗ್ಗೆ ಬೈದಂತೆ ಕೇಳುತ್ತದೆ. ಯಾಕೆಂದರೆ ನಾನೂ ಎತ್ತಲಿಲ್ಲ. ಪರದೆ ಸರಿಸಿ ಬಂದು, "ಎ ಅಂದರೆ ನಾನು" ಅನ್ನಬಹುದಿತ್ತು. ಸ್ಕ್ರೂ ಬಿದ್ದೀತು ಎಂದು ಮುಷ್ಟಿ ಬಿಗಿಹಿಡಿದು ಕೂತೆ.

ಈಗ ನೆಗಡಿ ಬಂದರೆ ಅದಕ್ಕೆ ಪ್ಲಮ್ ಗೊರಟೆ ಎಂದು ಹೆಸರಿಟ್ಟು, ನನ್ನ ಅಂಗೈಗೆ ಉಗುಳಿ ಹಗುರಾಗಬೇಕೆಂದಿದ್ದೀರಿ. ನಾನು ಬರುವುದಿಲ್ಲ. ಬೋರ್ಡು ನೋಡುವ ಆಸೆಯೂ ಇಲ್ಲ. ಆಡಿಯೊ-ವಿಡಿಯೊ ಎಂದು ಎಲ್ಲರೂ ಓದಿಕೊಳ್ಳುತ್ತಾರೆ, ಹೊಸ ಬೋರ್ಡಿನ ಖರ್ಚು ಉಳಿಯಿತು, ಅಷ್ಟೇ ತಾನೇ.

ಇನ್ನು ಬರೆಯಬೇಡಿ.

ಅಯೂಬ್


ಐಸೆಲಿನ್
ನವೆಂಬರ್ 24, 2024

ಅಯೂಬ್,

ನೀವು ಅನ್ನುವುದು ಸಾಕು. ಹಳೆಯ ಹಾಗೇ ನೀನು ಅನ್ನುತ್ತೇನೆ, ಸಿಟ್ಟು ಬಂದರೆ ಹರಿದುಹಾಕು.

ಹಿಂದಿನ ಕಾಗದದಲ್ಲಿ ಸುಳ್ಳು ಬರೆದಿದ್ದೆ. ಗೊರಟೆ ಅಂದವನು ನಾನು, ಮಿಸೆಸ್ ಲಿನ್ ಅಲ್ಲ. ಎರಡನೆಯ ಸಲ ಹೋದಾಗ ಗೋಡೆಯ ಚಿತ್ರಪಟ ಓದಿ, ಇದೇ ನನ್ನ ರೋಗ ಎಂದು ನಾನೇ ಆರಿಸಿಕೊಂಡೆ. ಅವರು ಕತ್ತಿನ ಮೇಲೆ ಬೆರಳಾಡಿಸಿದರು. ಒಂದು ಕಡೆ ನಿಲ್ಲಿಸಿದರು. ಕೆಮ್ಮಿದರೆ ರಕ್ತ ಬರುತ್ತದೆಯೇ ಎಂದು ಕೇಳಿದರು. ಒಂದೊಂದು ಸಲ ಅಂದೆ. ಸೂಜಿಯ ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟರು. "ದಿಸ್ ನಾಟ್ ಪ್ಲಮ್. ದಿಸ್ ನಾಟ್ ಚೀ. ಗೋ ಹಾಸ್ಪಿಟಲ್. ಟುಡೇ."

ನಾನು ಚೌಕಾಸಿ ಮಾಡಿದೆ ಕಣೋ. "ಮೇಡಂ, ಟೆನ್ ಡೇಸ್ ಪ್ಲಮ್ ಟ್ರೈ ಮಾಡೋಣ, ಆಮೇಲೆ ಹಾಸ್ಪಿಟಲ್" ಅಂದೆ. ಅರ್ಧ ಕನ್ನಡದಲ್ಲಿ ಅಂದಿದ್ದೇನೆ ಎಂದೂ ತಿಳಿಯಲಿಲ್ಲ. ಅವರು ಜಗ್ಗಲಿಲ್ಲ. ನನ್ನ ಫೋನ್ ಕಿತ್ತುಕೊಂಡು ರಾಜಿಗೆ ತಾವೇ ಹೇಳಿದರು. ಬದುಕಿನಲ್ಲಿ ನನ್ನ ಮಾತಿಗೆ ಬಗ್ಗದ ಎರಡನೆಯ ಮನುಷ್ಯ ಆಕೆ. ಮೊದಲನೆಯವನು ನೀನು.

ಗೊರಟೆಯಾಗಿದ್ದರೆ ಉಗುಳಬಹುದಿತ್ತು. ನನಗೆ ಆ ರೋಗವೇ ಬೇಕಿತ್ತು. ಗಂಟಲಿಗೆ ಕ್ಯಾಮೆರಾ ಇಳಿಸಿದವರು ಇದು ಗಡ್ಡೆ, ತಡ ಮಾಡಿದ್ದೀರಿ ಅಂದರು. ಡಿಸೆಂಬರ್ 5ಕ್ಕೆ ಆಪರೇಷನ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ. ಆಮೇಲೆ ಕತ್ತಿನಲ್ಲಿ ಒಂದು ತೂತು, ಅದರಲ್ಲೇ ಉಸಿರು. ನೀನು ಬರೆದ ಕುಕ್ಕರಿನ ಮುಚ್ಚಳ ನೆನಪಾಯಿತು. ಡಾಕ್ಟರ ಮುಂದೆ ನಕ್ಕುಬಿಟ್ಟೆ. ಅವರು ಧೈರ್ಯಸ್ಥ ಅಂದುಕೊಂಡರು.

ನಿನ್ನನ್ನು ಬಾ ಎಂದು ಕರೆದಾಗ ಇದು ಗೊತ್ತಿತ್ತು. ಹೇಳಿದರೆ ಕನಿಕರದಿಂದ ಬಂದೀಯ, ಕನಿಕರದ ಗಿರಾಕಿ ಬೇಡ ಎಂದು ಮುಚ್ಚಿಟ್ಟೆ. ನಿನ್ನ ಉತ್ತರ ಬಂದ ಮೇಲೆ ಐದು ವಾರ ಪೆನ್ನು ಹಿಡಿಯಲಾಗಲಿಲ್ಲ. ನೀನು ಪರದೆಯ ಹಿಂದೆ ಇದ್ದೆ ಎಂದು ನನಗೆ ಗೊತ್ತೇ ಇರಲಿಲ್ಲ. ಊಟಕ್ಕೆ ಹೋಗಿದ್ದೀಯ ಅಂದುಕೊಂಡಿದ್ದೆ.

ಆಡಿಯೊ ಅಂದದ್ದು ನಿನ್ನನ್ನು ಕಾಪಾಡಲಿಕ್ಕೆ ಎಂದು ಇಪ್ಪತ್ತಮೂರು ವರ್ಷ ನನಗೆ ನಾನೇ ಮಾರಿಕೊಂಡಿದ್ದೇನೆ, ಗ್ಯಾರಂಟಿ ಕಾರ್ಡಿನ ಸಮೇತ. ನಿಜ ಇಷ್ಟು: ಗ್ರೀನ್ ಕಾರ್ಡ್ ಬಂದಿರಲಿಲ್ಲ, ಹೆದರಿದ್ದೆ. ಅವರು ಕೇಳಿದಾಗ ನಿನ್ನ ಹೆಸರೇ ಬಾಯಿಗೆ ಬಂತು. "ಅ" ಎಂದು ಅರ್ಧ ಹೊರಗೂ ಬಿದ್ದಿತ್ತು. ಆ ಅಕ್ಷರಕ್ಕೆ ಬೇರೆ ಬಾಲ ಅಂಟಿಸಿಬಿಟ್ಟೆ. ಅಷ್ಟು ಚುರುಕಾಗಿ ನಾನು ಇನ್ನೆಂದೂ ಮಾತಾಡಿಲ್ಲ. ಜಹಾಂಗೀರು ತಂದ ದಿನವೂ ಹೇಳಬೇಕೆಂದೇ ಬಂದಿದ್ದೆ; ಚಳಿಯ ಬಗ್ಗೆ ಶುರುಮಾಡಿದ ಬಾಯಿ ನಿಲ್ಲಲಿಲ್ಲ.

ದಿನಕ್ಕೆ ಹತ್ತು ನಿಮಿಷ ಮಾತಾಡು ಅಂದಿದ್ದಾರೆ. ಮೊನ್ನೆಯ ಹತ್ತು ನಿಮಿಷವನ್ನು ಅಂಗಡಿಯ ಆನ್ಸರಿಂಗ್ ಮೆಷೀನಿಗೆ ಕೊಟ್ಟೆ. ನೀನು ರಿಪೇರಿ ಮಾಡಿಟ್ಟ ಕ್ಯಾಸೆಟ್ಟಿನ ಮೆಷೀನೇ, ಇನ್ನೂ ಓಡುತ್ತಿದೆ. ಸಂಜೆ ಏಳರ ಮೇಲೆ ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಲಕೋಟೆಯ ಹಿಂದೆ ಬರೆದಿರುವ ನಂಬರಿಗೆ ಮಾಡು. ಐದು ಸಲ ಬಡಿದುಕೊಳ್ಳಲಿ. ನೀನು ಏನೂ ಮಾತಾಡಬೇಕಾಗಿಲ್ಲ.

ಬಾ ಅನ್ನುತ್ತಿಲ್ಲ. ಕ್ಷಮಿಸು ಎಂದೂ ಕೇಳುತ್ತಿಲ್ಲ. ಕೇಳಿದರೆ ಅದೂ ವ್ಯಾಪಾರವಾಗುತ್ತದೆ. ಸುಸ್ತಾಗಿದೆ ಅಯೂಬ್, ಮಾರುವ ತ್ರಾಣ ಉಳಿದಿಲ್ಲ.

ವೀರೂ


ಜ್ಯಾಕ್ಸನ್ ಹೈಟ್ಸ್
ಡಿಸೆಂಬರ್ 19, 2024

ವೀರೂ,

ನಿನ್ನ ಕಾಗದ ಬಂದು ಒಂಬತ್ತು ದಿನ ಟೇಬಲ್ಲಿನ ಮೇಲಿತ್ತು. ಬರೆಯಬೇಡಿ ಎಂದು ಬರೆದವನು ನಾನೇ ಆದ್ದರಿಂದ ಒಡೆಯಲಿಲ್ಲ. ಡಿಸೆಂಬರ್ 7ರ ಬೆಳಗ್ಗೆ ಮಿಸೆಸ್ ಲಿನ್ ಪಾರ್ಕಿನಲ್ಲಿ ಹತ್ತಿರ ಬಂದು, "ಯುವರ್ ಫ್ರೆಂಡ್, ಥ್ರೋಟ್, ಹೌ?" ಎಂದು ಕೇಳಿದರು. ಮನೆಗೆ ಬಂದು ಒಡೆದೆ. ಎರಡು ದಿನ ತಡವಾಗಿತ್ತು.

ಅಂದು ಸಂಜೆ ನಂಬರು ಒತ್ತಿದೆ. ಐದು ಸಲ ಬಡಿದುಕೊಂಡಿತು. ಕ್ಯಾಸೆಟ್ ತಿರುಗುವ ಸದ್ದು ಮೊದಲು ಕೇಳಿತು, ಬಲಗಡೆಯ ಚಕ್ರ ಸ್ವಲ್ಪ ಉಜ್ಜುತ್ತಿದೆ. ಆಮೇಲೆ ನೀನು. ನೀನು ಎಂದು ಗುರುತಿಸಲು ಹೊತ್ತು ಹಿಡಿಯಿತು. ಇಂಗ್ಲಿಷಿನಲ್ಲಿ ಮೊದಲು ಹೇಳಿದ್ದೀಯ. ಅದು ಸರಿ, ಆ ಕೋಟಿನವರು ಕೇಳಿದ್ದು ಇಂಗ್ಲಿಷಿನಲ್ಲಿ. ಆಮೇಲೆ ಕನ್ನಡದಲ್ಲಿ: "ಇದು ಎ.ವಿ. ಎಲೆಕ್ಟ್ರಾನಿಕ್ಸ್. ಎ ಅಂದ್ರೆ ಅಯೂಬ್, ನನ್ನ ಪಾರ್ಟ್‌ನರ್. ವಿ ಅಂದ್ರೆ ವೀರೇಂದ್ರ. ಅಂಗಡಿ ಮುಚ್ಚಿದೆ."

ಝೋಯಾ ಪಕ್ಕದಲ್ಲಿದ್ದಳು. "ಅಬ್ಬಾಜಾನ್, ಹೂ ಈಸ್ ದಟ್?" ಅಂದಳು. ಉತ್ತರ ಹೇಳಲು ಇಡೀ ಸಂಜೆ ಹಿಡಿಯಿತು. ಅವಳಿಗೆ ಆ ಹನ್ನೊಂದು ದಿನದ ಬಗ್ಗೆ ನಾನು ಎಂದೂ ಹೇಳಿರಲಿಲ್ಲ.

ನನ್ನ ಹೆಸರಿನ ಮುಂಚೆ ಎರಡು ಕಡೆಯೂ ಒಂದು ತಡೆ ಇದೆ. ಕೆಟ್ಟ ಮೋಟಾರ್ ಶುರುವಾಗುವ ಮುಂಚೆ ಆಗುವಂಥದ್ದು. ನೀನು ಉಸಿರೆತ್ತುತ್ತಿದ್ದೀಯ. ಅದು ಬರಿಯ ಗಡ್ಡೆಯಿಂದ ಆದ ತಡೆಯೋ ಬೇರೆಯೋ ಎಂದು ತಿಳಿಯಲು ಮತ್ತೆ ಮತ್ತೆ ಮಾಡಿ ಕೇಳಿದೆ. ಗೊತ್ತಾಗಲಿಲ್ಲ. ನಿನ್ನ ಮೆಷೀನಿನಲ್ಲಿ ಹನ್ನೊಂದು ಖಾಲಿ ಮೆಸೇಜ್ ಇರುತ್ತವೆ. ಮಾತಿಲ್ಲ, ಉಸಿರಾಡುವ ಸದ್ದು ಮಾತ್ರ. ಯಾರೋ ಕಿರುಕುಳ ಕೊಡುವವರು ಎಂದು ಅಳಿಸಿಬಿಟ್ಟೀಯ. ಅದು ನಾನು.

ಹನ್ನೆರಡನೆಯ ಸಲ ಹಗಲಿನಲ್ಲಿ ಮಾಡಿದೆ, ರಾಜಿಯವರು ಎತ್ತಿದರು. "ಮನೆಗೆ ಕರ್ಕೊಂಡು ಬಂದ್ವಿ ಅಯೂಬಣ್ಣ. ಬರೆಯೋಕೆ ಬಿಳೀ ಬೋರ್ಡ್ ಕೊಟ್ಟಿದೀವಿ. ಅದರಲ್ಲೂ ನರ್ಸ್ ಜೊತೆ ಚೌಕಾಸಿ ಮಾಡ್ತಾರೆ" ಅಂದರು. ಹೇಳಿ ತಾವೇ ನಕ್ಕರು. ಕ್ರಿಸ್‌ಮಸ್ ವಾರ ಅಂಗಡಿ ತೆಗೆಯುವವರಿಲ್ಲ ಎಂದೂ ಹೇಳಿದರು.

ಕನಿಕರ ಅಂದುಕೊಳ್ಳಬೇಡ. ಕ್ಷಮೆ ಎಂದೂ ಅಂದುಕೊಳ್ಳಬೇಡ, ಅದು ನನಗೇ ಇನ್ನೂ ಗೊತ್ತಾಗಿಲ್ಲ. ಆ ಕ್ಯಾಸೆಟ್ಟಿನ ಚಕ್ರ ಹೀಗೇ ಉಜ್ಜಿದರೆ ಟೇಪು ತುಂಡಾಗುತ್ತದೆ, ಬೇರೆಯವರಿಗೆ ಅದನ್ನು ಬಿಚ್ಚಲು ಬರುವುದಿಲ್ಲ. 28ನೇ ತಾರೀಖು, ಶನಿವಾರ, ಹತ್ತೂವರೆಯ ಟ್ರೇನಿಗೆ ಮೆಟ್ರೊಪಾರ್ಕಿನಲ್ಲಿ ಇಳಿಯುತ್ತೇನೆ. ನೀನು ಸ್ಟೂಲಿನ ಮೇಲೆ ಕೂತಿರು. ಗಿರಾಕಿ ಬಂದರೆ ನಾನು ಮಾತಾಡುತ್ತೇನೆ. ಚೆನ್ನಾಗಿ ಬರುವುದಿಲ್ಲ, ಏನೂ ಮಾರಾಟವಾಗದೆಯೂ ಇರಬಹುದು.

ಎ ಅಂದರೆ ಏನು ಎಂದು ಯಾರಾದರೂ ಕೇಳಲಿ.

ಅಯೂಬ್